ನಾಲ್ಕನೇ ಸಂಚಿಕೆ

ಜಕ್ಕೂರಿನಲ್ಲಿ ನನ್ನ ಬಾಲ್ಯದ ಗೆಳತಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದೆ. ಒಳಗಿದ್ದದ್ದು ಒಂದು ತೆಳು ಇಂಗ್ಲಿಷ್ ಕಾಮಿಕ್ಸ್. ಮೂವತ್ತು ವರ್ಷದ ಹಿಂದೆ ನಾನು ಕದ್ದದ್ದು.

ಹೆಸರಾಂತ ಸೂಪರ್‌ಹೀರೋ ಒಬ್ಬನ ಕಥೆಗಳಲ್ಲಿ ಆಗಾಗ ಬಂದುಹೋಗುತ್ತಿದ್ದ ಹುಡುಗಿಯೊಬ್ಬಳನ್ನೇ ನಾಯಕಿ ಮಾಡಿ ತೊಂಬತ್ತರ ದಶಕದಲ್ಲಿ ಬೇರೆ ಕಾಮಿಕ್ಸ್ ತಂದಿದ್ದರು. ಯಾರೂ ಕೊಳ್ಳಲಿಲ್ಲವೋ ಏನೋ, ನಾಲ್ಕೇ ಸಂಚಿಕೆಗೆ ನಿಂತುಹೋಯಿತು. ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಈ ಗೆಳತಿಯ ಅಣ್ಣನ ಹತ್ತಿರ ನಾಲ್ಕೂ ಇದ್ದವು. ದುಬೈನಿಂದ ಅವರ ಮಾವ ತಂದುಕೊಟ್ಟದ್ದು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವಳು ಕದ್ದುಮುಚ್ಚಿ ನನಗೆ ಓದಲು ಕೊಡುತ್ತಿದ್ದಳು. ಕೊನೆಯದರಲ್ಲಿ ಆ ಹುಡುಗಿ ಮುಳುಗುತ್ತಿದ್ದ ಹಡಗನ್ನು ಒಬ್ಬಳೇ ಎಳೆದು ದಡ ಸೇರಿಸುತ್ತಾಳೆ. ಅದನ್ನು ವಾಪಸ್ ಕೊಡಲು ನನಗೆ ಮನಸ್ಸು ಬರಲಿಲ್ಲ. ಅಕ್ಕಿ ಡ್ರಮ್ಮಿನ ಕೆಳಗೆ ಬಚ್ಚಿಟ್ಟೆ, ಕೊಟ್ಟಾಗಿದೆ ಅಂತ ಅವಳ ಹತ್ತಿರವೇ ವಾದಿಸಿದೆ.

ಅಣ್ಣನ ಅನುಮಾನ ನೇರ ತಂಗಿಯ ಮೇಲೆ ಹೋಯಿತು. ದಿನಾ ಸೈಕಲ್ಲಿನಲ್ಲಿ ಸ್ಕೂಲಿಗೆ ಬಿಡುತ್ತಿದ್ದ ಆತ ಒಂದು ವರ್ಷ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಅವಳು ನಡೆದಳು. ಜೊತೆಗೆ ನಾನೂ ನಡೆದೆ, ಬಾಯಿ ಬಿಡದೆ.

ಹೋದ ತಿಂಗಳು ಹೆಬ್ಬಾಳದ ಮದುವೆಯೊಂದರಲ್ಲಿ ಸಿಕ್ಕವಳು ನಗುತ್ತಲೇ ಹೇಳಿದಳು: "ಈಗ್ಲೂ ಹಬ್ಬಕ್ಕೆ ಎಲ್ಲಾ ಸೇರಿದ್ರೆ ಅಣ್ಣ ನನ್ನ ಕಳ್ಳಿ ಅಂತಾನೇ ಕರಿಯೋದು ಕಣೇ." ಆ ರಾತ್ರಿಯೇ ಹಳೆ ಟ್ರಂಕಿನಿಂದ ಪುಸ್ತಕ ಹುಡುಕಿ ತೆಗೆದೆ.

ಬಾಗಿಲು ತೆಗೆದವಳ ಕೈಗೆ ಪುಸ್ತಕ ಕೊಟ್ಟು, "ನಿಂಗೆ ವಾಪಸ್ ಕೊಟ್ಟೇ ಇರ್ಲಿಲ್ಲ. ನನ್ ಹತ್ರಾನೇ ಇತ್ತು" ಅಂದೆ.

ಅವಳ ಮುಖದ ನಗು ಆರಿತು. "ವರ್ಷಪೂರ್ತಿ ನನ್ ಜೊತೆ ನಡ್ಕೊಂಡ್ ಬಂದ್ಯಲ್ಲೇ. ಒಂದ್ ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತಿತ್ತು."

"ಮತ್ತೆ?"

ಅವಳು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

"ಅಣ್ಣ ಒಳಗಿದ್ದಾನೆ. ಅವನ ಮುಂದೆ ಹೇಳು."

ಗಡ್ಡ ನರೆತಿದ್ದ ಆತನ ಎದುರು ನಿಂತು ಅದನ್ನೇ ಹೇಳಿದೆ. ಆತ ಪುಸ್ತಕ ತೆರೆಯಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತಂಗಿಯ ಕಡೆ ತಿರುಗಿ ದಖನಿ ಉರ್ದುವಿನಲ್ಲಿ ಏನೋ ಅಂದ. ನೀನು ಆಣೆ ಮಾಡಿ ಹೇಳಿದ್ದೆ, ನಾನೇ ನಂಬಲಿಲ್ಲ ಅನ್ನುವಷ್ಟು ನನಗೂ ತಿಳಿಯಿತು. ಅವಳ ಕಣ್ಣು ತುಂಬಿಕೊಂಡಿತು. ಹೊರಡೋಣವೆಂದು ಚೀಲ ಎತ್ತಿಕೊಂಡೆ.

"ಕೂತ್ಕೋ," ಅಂದಳು. "ನಾನಿನ್ನೂ ಮುಗಿಸಿಲ್ಲ."

ಕೂತೆ. ಆ ವರ್ಷ ಸ್ಕೂಲಿನ ದಾರಿಯಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದದ್ದು, ಅವಳ ಅಮ್ಮಿಯೂ ಅಣ್ಣನ ಮಾತನ್ನೇ ನಂಬಿದ್ದು, ಎಲ್ಲವನ್ನೂ ಹೇಳಿದಳು. ನಾನು ಹೊರಟಾಗ ಅವಳು ಬಾಗಿಲವರೆಗೂ ಬರಲಿಲ್ಲ.

ಹದಿನೈದು ದಿನ ಬಿಟ್ಟು ಅವಳೇ ಫೋನ್ ಮಾಡಿದಳು.

"ಭಾನುವಾರ ಬಾ. ಅಣ್ಣ ಎಲ್ಲರ ಮುಂದೆ ನಂಗೆ ಸಾರಿ ಕೇಳ್ತಾನಂತೆ. ನೀನೂ ಇರ್ಬೇಕು."

ಬರ್ತೀನಿ ಅಂದೆ.