ಯಾರಯ್ಯ ಅಂದಿದ್ದು?

ಕೊನೆಯ ವರ್ಷಗಳಲ್ಲಿ ಅವರು ಎರಡೂ ಕಾಲು ಅಗಲಿಸಿ, ಓಡುವ ಬಸ್ಸಿನೊಳಗೆ ನಿಂತವರಂತೆ ನಡೆಯುತ್ತಿದ್ದರು. ಕಣ್ಣುಗುಡ್ಡೆಗಳು ನೋಡಿದಲ್ಲಿ ನಿಲ್ಲದೆ ಅದುರುತ್ತಿದ್ದವು. ಆರ್‌ಪಿಸಿ ಲೇಔಟ್‌ನ ಮನೆಯಲ್ಲಿ ಸೋಫಾದಿಂದ ಬಾತ್‌ರೂಮಿನವರೆಗೆ ಗೋಡೆಯ ಮೇಲೊಂದು ಮಾಸಲು ಪಟ್ಟಿ ಮೂಡಿತ್ತು. ಅವರು ಅಂಗೈ ಊರಿ ಹೋಗುತ್ತಿದ್ದ ದಾರಿ.

ನನಗೆ ಸುದ್ದಿ ಬರೆಯಲು ಕಲಿಸಿದ ಮುಖ್ಯ ಉಪಸಂಪಾದಕರು ಅವರು. ‘ಎನ್ನಲಾಗಿದೆ’ ಎಂಬ ಪದ ಕಂಡರೆ ಅವರಿಗೆ ಮೈಯೆಲ್ಲ ಉರಿ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದಕ್ಕೆ ಬೆಂಕಿ ಬಿದ್ದಾಗ ನಾನು ‘ಶಾರ್ಟ್ ಸರ್ಕ್ಯೂಟ್ ಕಾರಣ ಎನ್ನಲಾಗಿದೆ’ ಎಂದು ಬರೆದಿದ್ದೆ.

“ಯಾರಯ್ಯ ಅಂದಿದ್ದು? ನಿಮ್ಮಜ್ಜೀನಾ?”

“ಅಲ್ಲಿ ಎಲ್ಲರೂ ಹಾಗೇ ಮಾತಾಡ್ತಿದ್ರು ಸಾರ್.”

“ಎಲ್ಲರಿಗೂ ಒಂದು ಹೆಸರಿರುತ್ತೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರಿ. ಕಥೆ ಕಟ್ಬೇಡ.”

ರಾತ್ರಿ ಪತ್ರಿಕೆಯ ಪುಟ ಮುಗಿಸಿ ಕುಡಿಯುವುದು ಅವರ ರೂಢಿ. ನಿವೃತ್ತಿಯ ನಂತರ ಬೆಳಿಗ್ಗೆಯೇ ಶುರುವಾಯಿತು, ಊಟ ನಿಂತಿತು. ಒಮ್ಮೆ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಮತ್ತೆ ಕುಡಿಯಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. “ಬಿಟ್ರಲ್ಲ, ಇನ್ನು ಸರಿಹೋಗ್ತಾರೆ ಬಿಡು,” ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನೂ ನಂಬಿದೆ.

ನೋಡಲು ಹೋದೆ. “ಏನಯ್ಯ, ಬೆಳಿಗ್ಗೆ ಅನ್ನಪೂರ್ಣೇಶ್ವರಿ ನಗರದಲ್ಲಿ ನಿಮ್ಮಪ್ಪ ಸಿಕ್ಕಿದ್ರು. ಇಬ್ರೂ ಕಾಫಿ ಕುಡಿದ್ವಿ,” ಎಂದರು. ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು. “ಸುಳ್ಳಲ್ವಂತೆ ಕಣಪ್ಪ. ಜ್ಞಾಪಕ ಹೋದ ಕಡೆ ಮೆದುಳು ತಾನೇ ಏನೋ ತುಂಬ್ಕೊಳ್ಳುತ್ತಂತೆ. ಇಷ್ಟು ವರ್ಷದ ಕುಡಿತ, ಊಟ ಬಿಟ್ಟಿದ್ದು, ಮೇಲೆ ವಯಸ್ಸು. ವಿಟಮಿನ್ ಇಂಜೆಕ್ಷನ್ ಕೊಟ್ಟಿದಾರೆ. ಪೂರ್ತಿ ವಾಪಸ್ ಬರೋದು ಕಷ್ಟ ಅಂದ್ರು ಡಾಕ್ಟ್ರು.” ಒಲೆ ಒರೆಸುತ್ತಲೇ ಇದ್ದರು. “ಮುಂಚೆ ಕುಡಿದಿಲ್ಲ ಅಂತ ಸುಳ್ಳು ಹೇಳೋರು. ಬಾಯಿ ಮೂಸಿ ಹಿಡೀತಿದ್ದೆ. ಈಗ ಏನು ಮೂಸ್ಲಿ?”

ತಿಂಡಿ ಏನು ತಿಂದಿರಿ ಎಂದು ಅಕ್ಕ ದಿನವೂ ಗಂಡನನ್ನು ಕೇಳುತ್ತಿದ್ದರಂತೆ. ದೋಸೆ ತಿಂದಿದ್ದರೂ ಉಪ್ಪಿಟ್ಟು ತಿಂದಿದ್ದರೂ ಅವರು ಹೇಳುವುದು ಅಕ್ಕಿ ರೊಟ್ಟಿ. ಉತ್ತರ ಒಮ್ಮೆಯಾದರೂ ಸರಿಯಾಗಲೆಂದು ಅಕ್ಕ ಅಂದು ಅಕ್ಕಿ ರೊಟ್ಟಿಯನ್ನೇ ತಟ್ಟಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಲ್‌ಗೆ ಬಂದರು.

“ರೀ, ಇವನಿಗೆ ಹೇಳಿ. ಬೆಳಿಗ್ಗೆ ಏನು ತಿಂದ್ರಿ?”

ಅವರು ಯೋಚಿಸಲೇ ಇಲ್ಲ. “ಇಡ್ಲಿ. ಹೋಟ್ಲಿಂದ ತರಿಸ್ಕೊಂಡೆ. ಇವಳೆಲ್ಲಿ ಮಾಡ್ತಾಳೆ?”

ಅಕ್ಕ ನಕ್ಕರು. ನಗುತ್ತಲೇ ಒಳಗೆ ಹೋದರು. ತುಂಬ ಹೊತ್ತು ನಲ್ಲಿಯ ನೀರು ಸುರಿಯುವ ಸದ್ದಷ್ಟೇ ಕೇಳಿಸುತ್ತಿತ್ತು.

ಆಮೇಲೆ ಅಕ್ಕ ಆ ಪ್ರಶ್ನೆ ಕೇಳುವುದನ್ನು ಬಿಟ್ಟರು.

ಕಳೆದ ವರ್ಷ ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ನಿಧನವಾರ್ತೆ ಬರೆಯುವ ಕೆಲಸ ನನಗೆ ಬಂತು. ಪತ್ರಿಕೆಗಳ ರೂಢಿಯಂತೆ ‘ಅಲ್ಪಕಾಲದ ಅಸ್ವಸ್ಥತೆಯಿಂದ’ ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು.

“ಅಲ್ಪಕಾಲ ಅನ್ನೋದನ್ನ ತೆಗೆದ್ಬಿಡಪ್ಪ,” ಎಂದರು. “ನನ್ನ ಇಡೀ ಸಂಸಾರ ಅದು.”