ಕಾಕುವಿನ ಅರ್ಧ ರೊಟ್ಟಿ

ಇಂದು ರವಿವಾರ. ಬೆಳಿಗ್ಗೆ ಹನ್ನೊಂದೂಕಾಲಿಗೆ ಹೈದರಾಬಾದಿನ ಅಮೀರ್‌ಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದೆ. ಆ ಬಿಸಿ ಹಿಟ್ಟಿನ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ, ಬಿಸಿಲಿಗೆ ಒಣಗಿದ ಹತ್ತಿ ಬಟ್ಟೆಯ ವಾಸನೆಗೆ ಸ್ವಲ್ಪ ಹತ್ತಿರದ್ದು ಅಂದುಕೊಳ್ಳಿ. ಕಾಕು, ಅಂದರೆ ನಮ್ಮ ಚಿಕ್ಕಪ್ಪ ಕಾಕಾನ ಹೆಂಡತಿ, ಮೊದಲ ಸಲ ನನ್ನ ಕೋಣೆಗೆ ಊಟಕ್ಕೆ ಬರುವವರಿದ್ದರು. ಹನ್ನೆರಡರ ಹೊತ್ತಿಗೆ ಬಡಿದ ರೊಟ್ಟಿ ನಾಲ್ಕು; ದುಂಡಗಾದದ್ದು ಒಂದು.

ಹೀಗೆ ಲೆಕ್ಕ ಇಡುವುದು ನನ್ನ ಹಳೆಯ ಚಾಳಿ. ಐದು ವರ್ಷದ ಹಿಂದೆ ಕಲಬುರಗಿಯಿಂದ ಕಂಪ್ಯೂಟರ್ ಕೋರ್ಸಿಗೆ ಬಂದು ಇಲ್ಲಿಯ ಹಾಸ್ಟೆಲ್ಲಿನಲ್ಲಿದ್ದಾಗ ನನ್ನ ಡೈರಿಯಲ್ಲಿ ದಿನಕ್ಕೆ ಮೂರು ಅಂಕಣಗಳಿದ್ದವು: ತಾರೀಖು, ಉಂಡದ್ದು, ಅಂದಿನ ಮನಸ್ಸಿಗೆ ಐದರಲ್ಲಿ ಎಷ್ಟು ಅಂಕ. ರವಿವಾರದ ಊಟ ಹಿಮಾಯತ್‌ನಗರದ ಕಾಕುವಿನ ಮನೆಯಲ್ಲಿ. ಅಲ್ಲಿಯ ಲೆಕ್ಕ ಮಾತ್ರ ಕಷ್ಟ. ಉಣ್ಣುವವರ ರೊಟ್ಟಿ ಎಣಿಸುವುದು ನಮ್ಮ ಕಡೆ ದೊಡ್ಡ ತಪ್ಪು. ಬಡಿಸುವವರು ಎಷ್ಟನೆಯದೆಂದು ಕೇಳುವುದಿಲ್ಲ, "ಅರ್ಧಾ ತಗೋ" ಎನ್ನುತ್ತಾರೆ. ಕಾಕುವಿನ ಅರ್ಧ ಎಂದೂ ಮುಕ್ಕಾಲಿಗಿಂತ ಕಡಿಮೆ ಇರಲಿಲ್ಲ. ಆ ಮೊದಲ ತಿಂಗಳುಗಳಲ್ಲಿ ನನ್ನ ದಾಖಲೆ: ನಾಲ್ಕು, ನಾಲ್ಕೂವರೆ, ಒಮ್ಮೆ ಐದು. ಅಂದು ಮನಸ್ಸಿಗೂ ಐದು.

ಒಂದು ರವಿವಾರ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಹೆಂಗಸು ನನ್ನ ತಟ್ಟೆ ನೋಡಿದರು, ನನ್ನನ್ನೂ ನೋಡಿದರು. "ನಿಮ್ಮ ಹುಡುಗಿಗೆ ಹೈದರಾಬಾದಿನ ಹವಾ ಭಾಳ ಹತ್ತೇತ್ರಿ. ಬಾಗಲಾ ಒಂದೀಟು ಅಗಲ ಮಾಡಸ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನದ ಅಂಕ ಒಂದು.

ಮುಂದಿನ ವಾರದಿಂದ ಎರಡೇ ರೊಟ್ಟಿ. "ಸಾಕ್ರಿ ಕಾಕು, ಹಸಿವಿಲ್ಲ." ಹಾಸ್ಟೆಲ್ಲಿಗೆ ಮರಳಿದ ಮೇಲೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತು ಬಿಸ್ಕೀಟು ತಿನ್ನುತ್ತಿದ್ದೆ. ನಾಚಿಕೆಯಾದದ್ದಕ್ಕೆ ತಿನ್ನುವುದು, ತಿಂದದ್ದಕ್ಕೆ ಮತ್ತೆ ನಾಚುವುದು. ಇದು ಹೇಗೆ ಸುತ್ತುತ್ತದೆಂದು ನಿಮ್ಮಲ್ಲಿ ಕೆಲವರಿಗಾದರೂ ತಿಳಿದಿರುತ್ತದೆ. ರೊಟ್ಟಿಯನ್ನು ಪೆನ್ನಿನಲ್ಲಿ ಬರೆಯುತ್ತಿದ್ದೆ, ಬಿಸ್ಕೀಟನ್ನು ಪೆನ್ಸಿಲಿನಲ್ಲಿ. ಬೇಕಾದರೆ ಅಳಿಸಬಹುದಲ್ಲ. ಆ ಹಾಸ್ಟೆಲ್ಲಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಎಂಬುದು ಆಗ ಹೊಳೆಯಲಿಲ್ಲ.

ಹೀಗೆ ಏಳು ರವಿವಾರ. ಎಂಟನೆಯದರ ಸಂಜೆ, ಕೋಠಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಕಾಕಾ ನನ್ನನ್ನು ಬಸ್ಸಿಗೆ ಬಿಡಲು ಬಂದವರು ಮೆಲ್ಲಗೆ ಹೇಳಿದರು: "ನಿಮ್ಮ ಕಾಕು ಗಿರಣಿ ಬದಲಿ ಮಾಡ್ಯಾಳ. ಜ್ವಾಳಾ ಬದಲಿ ಮಾಡ್ಯಾಳ. ನಿನ್ನಿ ಹೊಸಾ ರೊಟ್ಟಿ ಹಂಚು ತರಸ್ಯಾಳ. ನೀ ಹಿಂಗ ಎರಡ ರೊಟ್ಟಿ ತಿಂದು ಎದ್ದಿ ಅಂದ್ರ, ಮುಂದ ನನ್ನ ಬದಲಿ ಮಾಡ್ತಾಳವಾ."

ನಗು ಬಂತು. ಬಸ್ಸು ಹತ್ತಿ ಕೂತ ಮೇಲೆ ನಗು ಉಳಿಯಲಿಲ್ಲ. ಕಾಕು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವರಿಗೆ ತೆಲುಗು ಸರಿಯಾಗಿ ಬರುವುದಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೇಳುತ್ತಾರೆ. ಈ ಊರಿನಲ್ಲಿ ಅವರು ಅಂಜದೆ ಮಾಡುವ ಕೆಲಸ ರೊಟ್ಟಿ ಬಡಿಯುವುದೊಂದೇ. ನನ್ನ ನಾಚಿಕೆ ಆ ಕೈಯ ಮೇಲೂ ಅನುಮಾನ ಹುಟ್ಟಿಸಿತ್ತು.

ಮುಂದಿನ ವಾರ ಡೈರಿ ಚೀಲದಲ್ಲಿಟ್ಟುಕೊಂಡು ಹೋದೆ. ಕಾಕು ತಡೆಯಲಾರದೆ ಕೇಳಿಯೇಬಿಟ್ಟರು: "ರೊಟ್ಟಿ ಬಿರಸ ಆಗ್ಯಾವೇನ ತಂಗಿ? ಖರೇ ಹೇಳು."

ಡೈರಿ ತೆಗೆದು ಮುಂದಿಟ್ಟೆ. ಅವರು ಸಾಲುಗಳ ಮೇಲೆ ಬೆರಳಿಟ್ಟು ನಿಧಾನ ಓದಿದರು.

"ಇದೇನು, ಪೆನ್ಸಿಲ್‌ಲೆ ಬರದದ್ದು?"

"ಬಿಸ್ಕೀಟ್ ರೀ."

"ಬಿಸ್ಕೀಟಿಗೆ ಪೆನ್ಸಿಲ್, ನನ್ನ ರೊಟ್ಟಿಗೆ ಪೆನ್ನು. ಛಲೋ ಐತಿ ನಿನ್ನ ನ್ಯಾಯ."

ಆಗ ಪಕ್ಕದ ಮನೆಯವರ ಮಾತು ಹೇಳಿದೆ. "ಆಕಿ ಅಂದು ಮನೀಗೆ ಹೋಗಿ ಮಲಗ್ಯಾಳ," ಅಂದರು ಕಾಕು. "ನೀ ಎರಡ ತಿಂಗಳು ಹೊತಗೊಂಡು ತಿರಗಾಕತ್ತೀದಿ."

ಸಮಾಧಾನದ ಮಾತು ಅಷ್ಟೇ. ಎದ್ದು ಹೋಗಿ ಬಿಸಿ ರೊಟ್ಟಿಗಳನ್ನು ಚೂರು ಮಾಡಿ ಒರಳಿಗೆ ಹಾಕಿದರು. ಬೆಳ್ಳುಳ್ಳಿ, ಜೀರಿಗೆ, ಹಸಿಖಾರ, ಉಪ್ಪು ಸೇರಿಸಿ ಕುಟ್ಟಿದರು. ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿದರು. ನಮ್ಮ ಕಡೆಯ ಮುಟಗಿ. ಎಷ್ಟು ರೊಟ್ಟಿ ಕುಟ್ಟಿದರೋ ನೋಡಗೊಡಲಿಲ್ಲ. ತಟ್ಟೆಗೆ ಹಾಕಿ, "ಈಗ ಎಷ್ಟಂತ ಬರೀತಿ, ಬರಿ ನೋಡೋಣು," ಅಂದರು.

ಆ ದಿನದ ಅಂಕಣದಲ್ಲಿ 'ಮುಟಗಿ' ಎಂದಷ್ಟೇ ಇದೆ. ಅಂದಿನಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಗೋಡೆಗೆ ಮುಖ ಮಾಡಿದ ಸಂಜೆಗಳು ಆಮೇಲೂ ಇದ್ದವು, ದೂರದೂರವಾಗುತ್ತ ಬಂದವು. ಕಾಕುವಿನ ಮನೆಯಲ್ಲಿ ಮಾತ್ರ ಹೊಟ್ಟೆತುಂಬ ಉಂಡೆ. ಆದರೂ, ಅವರು ಬಡಿಸಿದರೆ ಉಣ್ಣುತ್ತಿದ್ದೆನೇ ಹೊರತು ನಾನಾಗಿ ಬೇಕೆಂದು ಬಾಯಿ ಬಿಡುತ್ತಿರಲಿಲ್ಲ.

ಇಂದು ಹನ್ನೆರಡೂವರೆಗೆ ಕಾಕು ಬಂದು ಚಾಪೆಯ ಮೇಲೆ ಕೂತರು. ಬಡಿಸಿ ಒಲೆಯ ಹತ್ತಿರ ನಿಂತೆ. ಅವರು ಮೊದಲ ತುತ್ತು ಅಗಿದು ಮುಗಿಸುವವರೆಗೆ ಅವರ ದವಡೆಯನ್ನೇ ನೋಡುತ್ತಿದ್ದೆ. ಗಿರಣಿ ಬದಲಿಸುವವರ ಕಷ್ಟ ಈಗ ತಿಳಿಯಿತು.

"ಹೆಂಗಾಗ್ಯಾವ್ರಿ?"

"ಅಂಚು ಒಡದಾವ. ಛಲೋ ಬೆಂದಾವ. ಇನ್ನೊಂದು ಹಾಕು." ಆಮೇಲೆ ತಲೆಯೆತ್ತಿ, "ನೀ ಯಾವಾಗ ಉಣ್ಣಾಕಿ?" ಅಂದರು.

ಆಮೇಲೆ ಉಣ್ಣುತ್ತೇನೆ ಎನ್ನುವುದು ನನ್ನ ರೂಢಿಯ ಉತ್ತರ.

"ಈಗ ಉಣ್ತೀನ್ರಿ ಕಾಕು. ಭಾಳ ಹಸಿವಾಗೇತಿ."

ಕಾಕು ಚಾಪೆಯ ತುದಿಗೆ ಸರಿದು ಜಾಗ ಮಾಡಿದರು.