ಒಣಶುಂಠಿಯ ಕಾವಲು

ಐವತ್ತರ ದಶಕದ ಕೊನೆ. ಸಾಲಕ್ಕೆ ಅಡವಿಟ್ಟ ಸರಕು ನೋಡಲು ಬ್ಯಾಂಕಿನಿಂದ ನಾನು ಮಟ್ಟಾಂಚೇರಿ ಬಂದರಿನ ಮಸಾಲೆ ಗೋದಾಮಿಗೆ ಹೋಗಿದ್ದೆ. ಅಲ್ಲಿ ಕೂತಿದ್ದ ಅಮೆರಿಕದ ಹಡಗಿನ ಅಧಿಕಾರಿಯನ್ನು, ನಿಮ್ಮೂರ ಫುಟ್‌ಬಾಲ್ ಹೇಗೆ ಎಂದು ಕೇಳಿಬಿಟ್ಟೆ. ಆತ ಮೇಜಿನ ಮೇಲೆ ಐದು ಒಣಶುಂಠಿ ಸಾಲಾಗಿಟ್ಟು, ಹಿಂದೊಂದು ಏಲಕ್ಕಿ ಇಟ್ಟ.

“ಏಲಕ್ಕಿ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು. ಅವನ ಮೇಲೆ ಯಾರೂ ಬೀಳದಂತೆ ಶುಂಠಿಗಳು ತಡೆಯಬೇಕು.”

ನಾನದನ್ನು ಮಲಯಾಳಂನಲ್ಲಿ ಹೇಳಿದಾಗ, ಮೂಟೆ ಇಳಿಸುತ್ತಿದ್ದ ಕುಟ್ಟನ್ ಚೇಟ್ಟನ್, ಅಂದರೆ ಕುಟ್ಟನ್ ಅಣ್ಣ, ಕೇಳಿದರು: “ಈ ಐವರು ಚೆಂಡು ಹಿಡಿದು ಓಡೋದೇ ಇಲ್ವಾ?”

ನಾನು ಅಧಿಕಾರಿಯನ್ನು ಕೇಳಿ ಹೇಳಿದೆ: “ಇಲ್ಲ, ಪೆಟ್ಟು ತಿನ್ನೋದಷ್ಟೇ.”

ಚೇಟ್ಟನ್ ಐದೂ ಶುಂಠಿ ಜಜ್ಜಿ, ಬೆಲ್ಲ ಹಾಕಿ ನಮಗೆಲ್ಲ ಚುಕ್ಕುಕಾಪಿ ಕಾಯಿಸಿದರು. ಏಲಕ್ಕಿಯನ್ನು ಒರೆಸಿ ಡಬ್ಬಿಗೆ ಹಾಕಿದರು.

ಆ ಆಟವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಮುಂದೆ ನಿಂತವರ ಕೆಲಸ ಏನೆಂದು ನನ್ನ ಗಂಟಲಿಗೆ ಚೆನ್ನಾಗಿ ನೆನಪಿದೆ.